ಅಜ್ಜಿಯ ಹೊಟ್ಟೆಗೂ ವಂಶಕ್ಕೂ ಏನು ನಂಟು?

ಪ್ರಶ್ನೆ: ನಮ್ಮಜ್ಜಿಗೆ 72 ವರ್ಷ. ಊಟ ಮೊದಲಿಗಿಂತ ಕಡಿಮೆ. ಆದರೂ ಹೊಟ್ಟೆ ಬರುತ್ತಿದೆ, ಕೈಕಾಲು ಮಾತ್ರ ಸಣಕಲಾಗುತ್ತಿವೆ. ಅವರ ತಂಗಿಯದೂ ಇದೇ ಕಥೆ. ಇದು ವಂಶದಿಂದ ಬಂದದ್ದೇ?

ಉತ್ತರ: ಒಂದು ಪಾಲು ವಂಶದ್ದು, ಇನ್ನೊಂದು ವಯಸ್ಸಿನದು. ಮನೆಯ ಅಕ್ಕಿ ಡಬ್ಬವನ್ನು ನೆನೆಸಿಕೊಳ್ಳಿ. ಸ್ನಾಯುಗಳು ಆ ಮನೆಯಲ್ಲಿ ಉಣ್ಣುವವರು. ಸುಮ್ಮನೆ ಕೂತಿದ್ದರೂ ಅವಕ್ಕೆ ಊಟ ಬೇಕು. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಓಡಾಟ ಇಳಿಯುತ್ತದೆ. ಉಣ್ಣುವವರೇ ಕಡಿಮೆಯಾದ ಮನೆಗೆ ಮುಂಚಿಗಿಂತ ಸ್ವಲ್ಪ ಕಡಿಮೆ ಅಕ್ಕಿ ತಂದರೂ ಮಿಗುತ್ತದೆ. ಮಿಕ್ಕದ್ದೇ ಕೊಬ್ಬು. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಎಂಬ ಹಾರ್ಮೋನು ಇಳಿಯುವುದರಿಂದ, ಸೊಂಟ ತೊಡೆಗಳಲ್ಲಿ ಕೂರುತ್ತಿದ್ದ ಕೊಬ್ಬು ಹೊಟ್ಟೆಗೆ ಸೇರತೊಡಗುತ್ತದೆ.

ಹಸಿವು ಯಾವಾಗ ಅಡಗಬೇಕು, ಕೊಬ್ಬು ಎಲ್ಲಿ ಕೂರಬೇಕು, ಸ್ನಾಯು ಎಷ್ಟಿರಬೇಕು ಎಂಬುದರಲ್ಲೆಲ್ಲ ನೂರಾರು ವಂಶವಾಹಿಗಳು ಕೈಯಾಡಿಸುತ್ತವೆ. ಅಕ್ಕತಂಗಿಯರ ಮೈಕಟ್ಟು ಹೋಲುವುದು ಅದಕ್ಕೇ. 2007ರಲ್ಲಿ ಬೊಜ್ಜಿನ ನಂಟು ಪತ್ತೆಯಾದ ಎಫ್‌ಟಿಒ ಇವುಗಳಲ್ಲಿ ಹೆಸರಾದದ್ದು. ಅದರ ಒಂದು ರೂಪ ಅಪ್ಪ, ಅಮ್ಮ ಇಬ್ಬರಿಂದಲೂ ಬಂದವರು, ಒಬ್ಬರಿಂದಲೂ ಬಾರದವರಿಗಿಂತ ಸರಾಸರಿ 3 ಕೆ.ಜಿ. ಹೆಚ್ಚು ತೂಗುತ್ತಿದ್ದುದು ಯುರೋಪಿನ ವಯಸ್ಕರಲ್ಲಿ ಕಂಡುಬಂತು. ಮೂರೇ ಕೆ.ಜಿ.! ಮೈ ದುಡಿಸುವವರಲ್ಲಿ ಆ ಪ್ರಭಾವವೂ ತಗ್ಗುತ್ತದೆ.

ದಯವಿಟ್ಟು ಹೊಟ್ಟೆ ನೋಡಿ ಅಜ್ಜಿಯ ಊಟ ಕಡಿತ ಮಾಡಬೇಡಿ. ಬರೀ ಉಪವಾಸದಿಂದ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ತಟ್ಟೆಯಲ್ಲಿ ಬೇಳೆ, ಕಾಳು, ಮೊಸರು ಇರಲಿ. ಕುರ್ಚಿಯ ಕೈ ಹಿಡಿಯದೆ ದಿನಕ್ಕೆ ಹತ್ತು ಸಲ ಎದ್ದು ಕೂತರೂ ತೊಡೆಯ ಸ್ನಾಯುಗಳಿಗೆ ಕೆಲಸ ಸಿಗುತ್ತದೆ. ಮೊದಮೊದಲು ನೀವು ಪಕ್ಕದಲ್ಲೇ ನಿಂತಿರಿ. ಇಂಥ ವ್ಯಾಯಾಮಕ್ಕೆ ತೊಂಬತ್ತು ದಾಟಿದವರ ಸ್ನಾಯುಗಳೂ ಬಲಗೊಂಡದ್ದಿದೆ.