ಬಿಸಿ ಆದ ಮ್ಯಾಲ ಯೆಜ್ಡಿ ಯಾಕ ಬಂದ್ ಬೀಳ್ತೈತಿ?

ಮುಂಜಾನೆ ಒಂದ ಕಿಕ್ಕಿಗೆ ಚಾಲೂ ಆದ ಯೆಜ್ಡಿ ರೋಡ್‌ಕಿಂಗ್, ಮಸೂತಿಯಿಂದ ಬಾಗೇವಾಡಿ ಮುಟ್ಟೂದ್ರಾಗ ಬಂದ್ ಬೀಳ್ತೈತಿ. ತಾಸು ಬಿಟ್ಟು ಒದ್ರ ಮತ್ತ ಚಾಲೂ! ಕಾರ್ಬೊರೇಟರ್ ಬಿಚ್ಚಾಕ ಅವಸರ ಮಾಡಬ್ಯಾಡ್ರಿ.

ಗಾಡಿ ನಿಂತಲ್ಲೇ ಪ್ಲಗ್ ತಗದು ನೋಡ್ರಿ. ತುದಿ ಒಣಗಿದ್ರ ಪೆಟ್ರೋಲ್ ಬರವಲ್ದು. ಟಾಕಿ ಮುಚ್ಚಳದ ತೂತು, ಕಾಕ್, ಜೆಟ್ ಸ್ವಚ್ಛ ಮಾಡ್ರಿ.

ತುದಿ ಹಸಿ ಇದ್ರ ನಮ್ಮ ಎರಿ ಮಣ್ಣಿನ ಧೂಳು ಕೂತ ಏರ್ ಫಿಲ್ಟರ್ ಮೊದಲ ಝಾಡಿಸ್ರಿ. ಅದು ಸ್ವಚ್ಛ ಇದ್ರ ಬಹುತೇಕ ಕರೆಂಟಿಂದ ತೊಂದ್ರಿ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಪಾಯಿಂಟ್ ಮುಚ್ಚಳ ತಗೀರಿ. ಕೀಲಿ ಹಾಕಿ ಕಿಕ್ ಒದ್ದಾಗ ಪಾಯಿಂಟ್ ನಡುವ ದಪ್ಪ ಕಿಡಿ ಹಾರ್ತೈತೇನು? ಪಾಯಿಂಟ್ ಮುಖ ಸುಟ್ಟು ಕರ್ರಗಾಗೈತೇನು? ಹಂಗಾರ ಬಹುತೇಕ ಕಂಡೆನ್ಸರ್ದ ಕೆಲಸ. ಬಿಸಿ ಏರಿದ್ರ ಅದರೊಳಗ ಕರೆಂಟ್ ಸೋರ್ತೈತಿ, ತಣ್ಣಗಾದ್ರ ಸುಧಾರಸ್ತೈತಿ. ಅದಕ್ಕ ಗ್ಯಾರೇಜಿಗೆ ಒಯ್ದಾಗ ಗಾಡಿ ಸರಿ ಇರ್ತೈತಿ!

ಹೊಸಾ ಕಂಡೆನ್ಸರ್ ಹಾಕ್ರಿ. ಪಾಯಿಂಟ್ ತಿಕ್ಕಿ, ಗ್ಯಾಪ್ 0.4 ಮಿಲಿಮೀಟರ್ ಆಸುಪಾಸು ಇಡ್ರಿ. ಯೆಜ್ಡಿ ಮಾಡತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಾಗ ಮುಚ್ಚೇತಿ, ಅಸಲಿ ಪಾರ್ಟ್ ಸಿಗೂದು ಕಷ್ಟ. ಆದ್ರೂ ಇಂಥಾ ಇಂಜಿನ್ ಗುಜರಿಗೆ ಹಾಕೂದು ಅನ್ಯಾಯ ರೀ. ಮತ್ತ ಮತ್ತ ಸುಡಾಕತ್ತಿದ್ರ ಕಂಡೆನ್ಸರನ್ನ ಇಂಜಿನ್ ಕಾವಿನಿಂದ ಹೊರಗ ತಂದು, ಟಾಕಿ ಕೆಳಗ ಕಾಯಿಲ್ ಹತ್ರ ಕೂಡ್ರಿಸ್ರಿ. ಅರ್ಥ್ ಮಾತ್ರ ಬಣ್ಣ ಕೆರದು ಗಟ್ಟಿ ಬಿಗೀರಿ.