ಈಜುಕೊಳದ ದುರಸ್ತಿ ಪಂಪ್‌ಹೌಸ್‌ನಿಂದ ಶುರುವಾಗಲಿ

ಊರಿನ ಸಾರ್ವಜನಿಕ ಈಜುಕೊಳಕ್ಕೆ ಸರ್ಕಾರದ ದುಡ್ಡು ಬಂತೆಂದರೆ ಮೊದಲು ಬದಲಾಗುವುದು ಟೈಲ್ಸ್. ಆಮೇಲೆ ಕಾಂಪೌಂಡಿಗೆ ಬಣ್ಣ, ಗೇಟಿಗೆ ಕಮಾನು, ಕಮಾನಿನ ಮೇಲೆ ಹೆಸರು. ಉದ್ಘಾಟನೆಯ ದಿನ ನೀರು ನೀಲಿಯಾಗಿ ಹೊಳೆಯುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಎರಡನೇ ಬೇಸಿಗೆಗೆ ನೀರು ಹಸಿರು, ಮೂರನೆಯದಕ್ಕೆ ಬಾಗಿಲಿಗೆ ಬೀಗ. ಕೇಳಿದರೆ ‘ಅನುದಾನ ಇಲ್ಲ’ ಎಂಬ ಉತ್ತರ. ಅನುದಾನ ಬಂದಿತ್ತು. ಅದು ಕಣ್ಣಿಗೆ ಕಾಣುವ ಕಡೆ ಖರ್ಚಾಯಿತು, ಅಷ್ಟೆ.

ಈಜುಕೊಳವನ್ನು ಮೇಲ್ದರ್ಜೆಗೇರಿಸಬೇಕು ಎಂದು ಒತ್ತಾಯಿಸುವ ಈಜುಗಾರರು, ಪೋಷಕರು, ವಾರ್ಡಿನ ಸದಸ್ಯರು ಎರಡು ಸಂಗತಿ ತಿಳಿದಿರಬೇಕು. ಕೊಳ ಹೇಗೆ ಬದುಕಿರುತ್ತದೆ ಎಂಬುದು ಒಂದು. ಅದಕ್ಕೆ ದುಡ್ಡು ಎಲ್ಲಿಂದ, ಯಾವ ಷರತ್ತಿನ ಮೇಲೆ ಬರುತ್ತದೆ ಎಂಬುದು ಇನ್ನೊಂದು.

ನೀರು ಸುತ್ತುವ ದಾರಿ

25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ 1.35 ಮೀಟರ್ ಆಳದ ಕೊಳವೊಂದನ್ನು ಲೆಕ್ಕಕ್ಕೆ ಹಿಡಿಯೋಣ. ಅದರಲ್ಲಿ ಸುಮಾರು 4.2 ಲಕ್ಷ ಲೀಟರ್ ನೀರು ಹಿಡಿಸುತ್ತದೆ. ಈ ನೀರನ್ನು ದಿನಾ ಬದಲಿಸುವುದಿಲ್ಲ. ಅದೇ ನೀರು ತಳದ ಮೋರಿಯಿಂದಲೂ ಅಂಚಿನ ಕಾಲುವೆಯಿಂದಲೂ ಪಂಪಿಗೆ ಹೋಗಿ, ಮರಳಿನ ಫಿಲ್ಟರ್ ಹಾದು, ಕ್ಲೋರಿನ್ ಬೆರೆಸಿಕೊಂಡು ಮತ್ತೆ ಕೊಳಕ್ಕೆ ಬರುತ್ತದೆ. ಜನ ತುಂಬುವ ಸಾರ್ವಜನಿಕ ಕೊಳದಲ್ಲಿ ಇಡೀ ನೀರು ನಾಲ್ಕರಿಂದ ಆರು ಗಂಟೆಯೊಳಗೆ ಒಮ್ಮೆ ಹೀಗೆ ಸುತ್ತಿ ಬರಬೇಕು. ನಾಲ್ಕು ಗಂಟೆ ಎಂದುಕೊಂಡರೆ ಗಂಟೆಗೆ ಒಂದು ಲಕ್ಷ ಲೀಟರಿಗೂ ಹೆಚ್ಚು. ಅದಕ್ಕೆ ಹೆಚ್ಚುಕಡಿಮೆ ಹತ್ತು ಎಚ್‌ಪಿ ಪಂಪಿನ ಶಕ್ತಿ ಬೇಕು. ಹಳೆಯ ಕೊಳಗಳಲ್ಲಿ ಪಂಪ್ ಸವೆದಿರುತ್ತದೆ, ಫಿಲ್ಟರಿನ ಮರಳು ಗಟ್ಟಿಯಾಗಿರುತ್ತದೆ, ಒಳಗಿನ ಪೈಪು ತುಕ್ಕು ಹಿಡಿದಿರುತ್ತದೆ. ನೀರು ಸುತ್ತದೆ ನಿಂತಾಗ ಮೇಲಿಂದ ಎಷ್ಟು ಬ್ಲೀಚಿಂಗ್ ಪುಡಿ ಸುರಿದರೂ ಪಾಚಿ ನಿಲ್ಲುವುದಿಲ್ಲ.

ಕಣ್ಣು ಉರಿಸುವ ಘಾಟು ವಾಸನೆ ಬಂದರೆ ‘ಕ್ಲೋರಿನ್ ಜಾಸ್ತಿ ಹಾಕಿದ್ದಾರೆ’ ಎಂದು ಬೈಯುವುದುಂಟು. ವಾಸ್ತವ ಬಹುಪಾಲು ತಿರುಗಾಮುರುಗಾ. ಬೆವರು, ಮೂತ್ರಗಳ ಜೊತೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮೈನ್‌ಗಳ ಘಾಟು ಅದು. ಕೆಲಸ ಮಾಡಬೇಕಾದ ಕ್ಲೋರಿನ್ ಅಷ್ಟರಲ್ಲಿ ಖರ್ಚಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. ನೀರು ಸರಿಯಾಗಿ ಸುತ್ತುತ್ತಿರುವ ಕೊಳದಲ್ಲಿ ಲೀಟರಿಗೆ ಒಂದು ಮಿಲಿಗ್ರಾಂನಷ್ಟು ಮುಕ್ತ ಕ್ಲೋರಿನ್ ಸಾಮಾನ್ಯವಾಗಿ ಸಾಕು, ಮೂರು ದಾಟಬಾರದು. ಈಜಿಗೆ ಇಳಿಯುವ ಮುನ್ನ ಎಲ್ಲರೂ ಸ್ನಾನ ಮಾಡಿದರೆ ರಾಸಾಯನಿಕದ ಖರ್ಚೇ ಇಳಿಯುತ್ತದೆ. ಆದರೆ ನಮ್ಮ ಎಷ್ಟೋ ಕೊಳಗಳಲ್ಲಿ ಶವರ್ ಇರುವುದು ಬಟ್ಟೆ ಬದಲಿಸುವ ಕೋಣೆಯ ಮೂಲೆಯಲ್ಲಿ. ಕೊಳಕ್ಕೆ ಹೋಗುವ ದಾರಿಯಲ್ಲೇ ಅದನ್ನು ಇಟ್ಟರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ನಕ್ಷೆ ಬರೆಯುವಾಗ ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ಅಂದಾಜು ಪಟ್ಟಿಗೆ ಮುನ್ನ

ಎಸ್ಟಿಮೇಟ್ ಬರೆಯುವ ಮೊದಲು ರೋಗ ಪತ್ತೆಯಾಗಬೇಕು. ಸೋರಿಕೆ ಪರೀಕ್ಷೆಗೆ ಯಂತ್ರವೇನೂ ಬೇಡ. ಮಳೆಯಿಲ್ಲದ ದಿನ ಪಂಪ್ ನಿಲ್ಲಿಸಿ, ಕೊಳದ ಮೆಟ್ಟಿಲ ಮೇಲೆ ಒಂದು ಬಕೆಟ್ ನೀರಿಟ್ಟು, ಬಕೆಟ್ಟಿನ ಒಳಗೂ ಕೊಳದ ಗೋಡೆಗೂ ನೀರಿನ ಮಟ್ಟಕ್ಕೆ ಗುರುತು ಹಾಕಿ. ಒಂದು ದಿನ ಬಿಟ್ಟು ನೋಡಿ. ಬಕೆಟ್ಟಿನಲ್ಲಿ ಇಳಿದದ್ದು ಆವಿಯಾಗಿ ಹೋದ ನೀರು. ಕೊಳದಲ್ಲಿ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಅದು ಸೋರಿಕೆ. ನಮ್ಮ ಮಾದರಿ ಕೊಳದಲ್ಲಿ ದಿನಕ್ಕೆ ಒಂದು ಸೆಂಟಿಮೀಟರ್ ಹೆಚ್ಚು ಇಳಿದರೂ ಮೂರು ಸಾವಿರ ಲೀಟರಿಗೂ ಮಿಕ್ಕಿ ನೀರು ಮಣ್ಣುಪಾಲು. ಪಂಪ್ ಓಡಿಸಿ ಮತ್ತೊಂದು ದಿನ ಇದನ್ನೇ ಮಾಡಿ. ಆಗ ಸೋರಿಕೆ ಜಾಸ್ತಿಯಾದರೆ ತೊಂದರೆ ಬಹುಶಃ ಪೈಪಿನಲ್ಲಿದೆ. ಅಂಥ ಕಡೆ ಟೈಲ್ಸ್ ಕಿತ್ತು ಹಾಕುವುದು ದಂಡ.

2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತಲೆದೋರಿದಾಗ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಅಂಥ ಆದೇಶ ಮತ್ತೆ ಬರಬಹುದು ಎಂದುಕೊಂಡೇ ಯೋಜನೆ ಮಾಡಬೇಕು. ಸೋರದ ತೊಟ್ಟಿ, ಚಾವಣಿಯ ಮಳೆನೀರು ಹಿಡಿಯುವ ಸಂಪು, ಫಿಲ್ಟರ್ ತೊಳೆದ ನೀರಿನ ಮರುಬಳಕೆ, ಈ ಮೂರೂ ಅಂದಾಜು ಪಟ್ಟಿಯಲ್ಲಿ ಇರಲೇಬೇಕು.

ಖಾಲಿ ಮಾಡುವ ಕೆಲಸವೂ ಹುಷಾರಾಗಿ ಆಗಬೇಕು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಗಾಲದ ಅಂತರ್ಜಲ ನೆಲದ ಮಟ್ಟಕ್ಕೆ ಹತ್ತಿರ ಬಂದಿರುತ್ತದೆ. ಆಗ ಕೊಳ ಬರಿದು ಮಾಡಿದರೆ ಅಡಿಯ ನೀರಿನ ಒತ್ತಡಕ್ಕೆ ಕಾಂಕ್ರೀಟ್ ತೊಟ್ಟಿ ದೋಣಿಯಂತೆ ಮೇಲೇಳಬಹುದು, ತಳ ಬಿರುಕು ಬಿಡಬಹುದು. ಹಾಗೆಂದು ಏಪ್ರಿಲ್, ಮೇ ತಿಂಗಳಲ್ಲಿ ಮುಚ್ಚುವಂತೆಯೂ ಇಲ್ಲ. ವರ್ಷದ ಜನವೆಲ್ಲ ಬರುವುದು ಶಾಲೆಗೆ ರಜೆ ಸಿಕ್ಕಾಗಲೇ. ಹೀಗಾಗಿ ಸಿವಿಲ್ ಕೆಲಸಕ್ಕೆ ಯೋಗ್ಯ ಕಾಲ ನವೆಂಬರಿನಿಂದ ಫೆಬ್ರುವರಿ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಅಕ್ಟೋಬರಿನಲ್ಲಿ ಕಾರ್ಯಾದೇಶ ಸಿಗಬೇಕು, ಮಳೆಗಾಲದಲ್ಲೇ ಟೆಂಡರ್ ಮುಗಿಯಬೇಕು. ನಡುವೆ ಚುನಾವಣಾ ನೀತಿ ಸಂಹಿತೆ ಬಂದರೆ ಒಂದು ವರ್ಷವೇ ಹೋಯಿತೆಂದು ತಿಳಿಯಿರಿ.

ಟೈಲ್ಸ್ ಹಾಕುವುದಕ್ಕೆ ಮೊದಲು ತೊಟ್ಟಿಗೆ ನೀರು ತುಂಬಿ ಏಳು ದಿನ ಮಟ್ಟ ನೋಡುವ ಷರತ್ತು ಟೆಂಡರಿನಲ್ಲಿ ಇರಲಿ. ಹಳೆಯ ಟೈಲ್ಸ್ ಮೇಲೆ ಹೊಸದನ್ನು ಅಂಟಿಸಲು ಬಿಡಬೇಡಿ. ಎರಡೂ ತುದಿಯಲ್ಲಿ ಎರಡೆರಡು ಸೆಂಟಿಮೀಟರ್ ದಪ್ಪವಾದರೆ 25 ಮೀಟರಿನ ಕೊಳ 24.96 ಮೀಟರ್ ಆಗುತ್ತದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಉದ್ದ ಒಂದು ಸೆಂಟಿಮೀಟರ್ ಹೆಚ್ಚಿರಬಹುದು, ಒಂದು ಮಿಲಿಮೀಟರ್ ಕೂಡ ಕಡಿಮೆ ಇರುವಂತಿಲ್ಲ. ಅಂಥ ಕೊಳದಲ್ಲಿ ಮಕ್ಕಳು ಈಜಿದ ಸಮಯಕ್ಕೆ ಬೆಲೆ ಇರುವುದಿಲ್ಲ. ಶ್ರೀಹರಿ ನಟರಾಜ್ ಅವರಂಥ ಒಲಿಂಪಿಕ್ ಈಜುಗಾರರನ್ನು ಕೊಟ್ಟ ರಾಜ್ಯದಲ್ಲಿ ಗಾರೆಯವರ ಅವಸರಕ್ಕೆ ಹೀಗಾಗಬಾರದು.

ಸುರಕ್ಷತೆಯಲ್ಲಿ ಚೌಕಾಸಿಗೆ ಜಾಗವಿಲ್ಲ. ನೀರೊಳಗಿನ ದೀಪಕ್ಕೆ 12 ವೋಲ್ಟ್ ಮೀರದ ವಿದ್ಯುತ್, ಎಲ್ಲ ಸರ್ಕ್ಯೂಟಿಗೂ 30 ಮಿಲಿ ಆಂಪಿಯರಿಗೆ ಕಡಿತವಾಗುವ ಸೋರಿಕೆ ರಕ್ಷಕ, ಒಬ್ಬರ ಮೈ ಎಳೆದುಕೊಂಡು ಅಂಟಿಕೊಳ್ಳದಂತೆ ತಳದಲ್ಲಿ ಒಂದರ ಬದಲು ಎರಡು ಮೋರಿ. ಗಾಲಿಕುರ್ಚಿಯವರಿಗೆ ಇಳಿಜಾರು ದಾರಿ, ನೀರಿಗಿಳಿಸುವ ಲಿಫ್ಟ್ ಬೇಕು. ಇದಕ್ಕೆ ದುಡ್ಡಿಲ್ಲ ಎಂಬ ಮಾತನ್ನು ಒಪ್ಪಬೇಕಿಲ್ಲ. ಸ್ಥಳೀಯ ಸಂಸ್ಥೆಗಳು ಅಂಗವಿಕಲರ ಕಲ್ಯಾಣಕ್ಕೆಂದು ಶೇ 5ರಷ್ಟು ನಿಧಿ ತೆಗೆದಿಡುತ್ತವೆ. ವರ್ಷದ ಕೊನೆಗೆ ಅದನ್ನು ಖರ್ಚು ಮಾಡಲು ದಾರಿ ಹುಡುಕುವುದೂ ಉಂಟು.

ದುಡ್ಡಿನ ದಾರಿ

ಮೊದಲ ಪ್ರಶ್ನೆ: ಜಾಗ ಯಾರದು? ಕೆಲವು ಕೊಳಗಳು ಪಾಲಿಕೆ, ನಗರಸಭೆಯವು, ಕೆಲವು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯವು, ಕೆಲವು ವಿಶ್ವವಿದ್ಯಾಲಯಗಳವು. ಪಹಣಿಯಲ್ಲಿ ಒಬ್ಬರ ಹೆಸರು, ಬೀಗದ ಕೈ ಇನ್ನೊಬ್ಬರ ಹತ್ತಿರ ಇದ್ದರೆ ಕಡತ ಎರಡು ಕಚೇರಿಗಳ ನಡುವೆ ಓಡಾಡುತ್ತಲೇ ಇರುತ್ತದೆ.

ಕಟ್ಟಲು, ದುರಸ್ತಿ ಮಾಡಲು ದುಡ್ಡಿನ ಮೂಲಗಳು ಹಲವಿವೆ. ಸಂಸದರಿಗೆ ವರ್ಷಕ್ಕೆ 5 ಕೋಟಿ, ಶಾಸಕರಿಗೆ 2 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಇದೆ. ಆದರೆ ಅದು ಆಸ್ತಿ ನಿರ್ಮಾಣಕ್ಕೆ. ಸಂಬಳಕ್ಕೆ, ಕರೆಂಟ್ ಬಿಲ್ಲಿಗೆ ಬಾರದು. 2021ರಿಂದ 2026ರ ಅವಧಿಯ 15ನೇ ಹಣಕಾಸು ಆಯೋಗದ ಅನುದಾನದಲ್ಲಿ, ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಬರುವ ಹಣದ ಶೇ 60ನ್ನು ಕುಡಿಯುವ ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಲಾಗಿತ್ತು. ಉಳಿದ ಶೇ 40ರಲ್ಲಿ ರಸ್ತೆ, ದೀಪ, ಉದ್ಯಾನಗಳ ಜೊತೆ ಈಜುಕೊಳ ಪೈಪೋಟಿಗೆ ಇಳಿಯಬೇಕಿತ್ತು. ಬೀದರಿನಿಂದ ಬಳ್ಳಾರಿಯವರೆಗಿನ ಏಳು ಜಿಲ್ಲೆಗಳವರು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಬಾಗಿಲು ತಟ್ಟಬಹುದು. ಕೇಂದ್ರದ ಖೇಲೋ ಇಂಡಿಯಾದಲ್ಲಿ ಕ್ರೀಡಾ ಮೂಲಸೌಕರ್ಯಕ್ಕೆ ನೆರವಿದೆ, ಪ್ರಸ್ತಾವ ರಾಜ್ಯದ ಮೂಲಕ ಹೋಗಬೇಕು. 2013ರ ಕಂಪನಿ ಕಾಯ್ದೆಯಡಿ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ನ್ನು ಸಾಮಾಜಿಕ ಹೊಣೆಗಾರಿಕೆಗೆ ಕೊಡಬೇಕಲ್ಲ, ಆ ಪಟ್ಟಿಯಲ್ಲಿ ಒಲಿಂಪಿಕ್ ಕ್ರೀಡೆಗಳ ತರಬೇತಿ ಇದೆ. ಕಂಪನಿಯ ಬಳಿ ಹೋಗುವಾಗ ‘ಕಟ್ಟಡಕ್ಕೆ ಕೊಡಿ’ ಎನ್ನುವುದಕ್ಕಿಂತ ‘ಸರ್ಕಾರಿ ಶಾಲೆಯ ಮಕ್ಕಳಿಗೆ ಈಜು ಕಲಿಸಲು ಕೊಡಿ’ ಎಂದು ಕೇಳುವುದು ಮೇಲು.

ಮಂಗಳೂರಿನ ಎಮ್ಮೆಕೆರೆಯಲ್ಲಿ 2023ರ ನವೆಂಬರ್‌ನಲ್ಲಿ ತೆರೆದ ಅಂತರರಾಷ್ಟ್ರೀಯ ಮಟ್ಟದ ಈಜುಕೊಳ ಸ್ಮಾರ್ಟ್ ಸಿಟಿ ಹಣದ್ದು. ಸುಮಾರು 25 ಕೋಟಿ ರೂಪಾಯಿಯದು. ಆ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಉಳಿದ ಊರುಗಳು ಅದನ್ನು ತೋರಿಸಿ ‘ನಮಗೂ ಹಾಗೇ ಬೇಕು’ ಎನ್ನುವುದರಲ್ಲಿ ಅರ್ಥವಿಲ್ಲ. ಇರುವ 25 ಮೀಟರಿನ ಕೊಳವನ್ನೇ ವರ್ಷಪೂರ್ತಿ ತೆರೆದಿಡುವುದು ಹೆಚ್ಚು ಜನಕ್ಕೆ ಉಪಯೋಗ.

ಹಣದ ಮೂಲ ಗೊತ್ತಾದ ಮೇಲೆ ಅಂದಾಜು ಪಟ್ಟಿ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಎಂಬ ಸಾಲು. ಟೆಂಡರ್ 1999ರ ಕೆಟಿಪಿಪಿ ಕಾಯ್ದೆಯಂತೆ ನಡೆಯಬೇಕು. ಇಲ್ಲೊಂದು ತೊಡಕಿದೆ. ಟೈಲ್ಸ್, ಗಾರೆ, ಬಣ್ಣಕ್ಕೆ ಲೋಕೋಪಯೋಗಿ ಇಲಾಖೆಯ ಎಸ್‌ಆರ್ ದರಪಟ್ಟಿಯಲ್ಲಿ ಸಿದ್ಧ ದರವಿದೆ. ಫಿಲ್ಟರ್, ಕ್ಲೋರಿನ್ ಅಳೆದು ಬಿಡುವ ಯಂತ್ರ ಮುಂತಾದ ಪಟ್ಟಿಯಲ್ಲಿಲ್ಲದ ಸಾಮಾನಿಗೆ ಎಂಜಿನಿಯರ್ ಕೊಟೇಶನ್ ತರಿಸಿ, ದರ ವಿಶ್ಲೇಷಣೆ ಬರೆದು, ಆಡಿಟ್ ಆಕ್ಷೇಪಕ್ಕೆ ಉತ್ತರ ಸಿದ್ಧ ಮಾಡಿಕೊಳ್ಳಬೇಕು. ಈಜುಕೊಳಗಳ ದುಡ್ಡೆಲ್ಲ ಟೈಲ್ಸಿಗೆ ಹೋಗುವುದಕ್ಕೆ ಅರ್ಧ ಕಾರಣ ಇದೇ ಎಂದು ನನ್ನ ಅನುಮಾನ. ಕೆಲಸವನ್ನು ತುಂಡು ಗುತ್ತಿಗೆ ಮಾಡಿ ಹಂಚಿದರಂತೂ ನೀರು ಕೆಟ್ಟಾಗ ಪ್ಲಂಬಿಂಗಿನವರು ಸಿವಿಲ್‌ನವರ ಕಡೆ, ಸಿವಿಲ್‌ನವರು ಪಂಪಿನವರ ಕಡೆ ಕೈ ತೋರಿಸುತ್ತಾರೆ. ದುರಸ್ತಿಯನ್ನೂ ಮುಂದಿನ ಐದು ವರ್ಷದ ನಿರ್ವಹಣೆಯನ್ನೂ ಸೇರಿಸಿ ಒಬ್ಬರಿಗೇ ಒಂದೇ ಟೆಂಡರ್ ಕೊಡುವುದು ಇದಕ್ಕೆ ಮದ್ದು. ತಾನೇ ಐದು ವರ್ಷ ಓಡಿಸಬೇಕಾದ ಪಂಪನ್ನು ಯಾವ ಗುತ್ತಿಗೆದಾರನೂ ಕಳಪೆ ಕೊಳ್ಳುವುದಿಲ್ಲ.

ತಿಂಗಳ ಖರ್ಚು

ನಮ್ಮ ಮಾದರಿ ಕೊಳಕ್ಕೇ ಮರಳೋಣ. ಇನ್ನು ಮುಂದಿನ ದರಗಳು ಲೆಕ್ಕ ತೋರಿಸಲು ಹಿಡಿದವು, ನಿಮ್ಮ ಊರಿನ ದರ ಹಾಕಿಕೊಳ್ಳಿ. ಪಂಪ್ ದಿನಕ್ಕೆ ಹನ್ನೆರಡು ಗಂಟೆ ಓಡಿದರೆ 90 ಯೂನಿಟ್, ತಿಂಗಳಿಗೆ 2,700. ಯೂನಿಟ್ಟಿಗೆ 8 ರೂಪಾಯಿಯಂತೆ 21,600. ಎರಡು ಪಾಳಿಗೆ ನಾಲ್ವರು ಜೀವರಕ್ಷಕರು, ಪಂಪ್ ಆಪರೇಟರ್, ಸ್ವಚ್ಛತೆಯವರು, ಟಿಕೆಟ್ ಕೊಡುವವರು ಸೇರಿ ಎಂಟು ಜನಕ್ಕೆ ತಲಾ 18,000ದಂತೆ 1,44,000. ರಾಸಾಯನಿಕ, ನೀರು, ಪರೀಕ್ಷೆ, ಸಣ್ಣಪುಟ್ಟ ರಿಪೇರಿಗೆ 50,000. ಒಟ್ಟು 2,15,600. ದಿನಕ್ಕೆ ನೂರು ಜನ, 60 ರೂಪಾಯಿ ಟಿಕೆಟ್, ತಿಂಗಳಿಗೆ 26 ದಿನ ಎಂದರೆ ಬರುವುದು 1,56,000. ತಿಂಗಳಿಗೆ ಸುಮಾರು 60,000 ಕೊರತೆ. 40 ಲಕ್ಷದ ಯಂತ್ರೋಪಕರಣ ಹತ್ತು ವರ್ಷ ಬಾಳುತ್ತದೆ ಎಂದು ಅದರ ಬದಲಿಗೂ ತೆಗೆದಿಟ್ಟರೆ ಕೊರತೆ 93,000ಕ್ಕೆ, ವರ್ಷಕ್ಕೆ 11 ಲಕ್ಷಕ್ಕೆ ಏರುತ್ತದೆ.

ಈ 11 ಲಕ್ಷ ಎಲ್ಲಿಂದ ಎಂಬುದು ಆಡಳಿತಾತ್ಮಕ ಅನುಮೋದನೆಯ ಕಡತದಲ್ಲೇ ಬರೆದಿರಬೇಕು. ನನ್ನ ಕೇಳಿದರೆ, ಆ ಒಂದು ಹಾಳೆ ಇಲ್ಲದ ಯೋಜನೆಗೆ ಸಭೆಯಲ್ಲಿ ಕೈ ಎತ್ತಲೇಬಾರದು. ಕೊರತೆ ತಗ್ಗಿಸಲು ದಾರಿಗಳಿವೆ. ಪಂಪಿಗೆ ವೇಗ ನಿಯಂತ್ರಕ ಹಾಕಿ, ಜನ ಕಡಿಮೆ ಇರುವಾಗ ಶೇ 80ರ ವೇಗದಲ್ಲಿ ಓಡಿಸಿದರೆ ವಿದ್ಯುತ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬಟ್ಟೆ ಬದಲಿಸುವ ಕೋಣೆಗಳ ಚಾವಣಿಯಲ್ಲಿ ಹತ್ತು ಕಿಲೋವಾಟ್ ಸೌರ ಫಲಕ ಹಿಡಿಸಿದರೆ ದಿನಕ್ಕೆ ನಲವತ್ತು ಯೂನಿಟ್ ಸಿಗುತ್ತದೆ. ಶಾಲೆಗಳಿಗೆ ಮಧ್ಯಾಹ್ನದ ಖಾಲಿ ಹೊತ್ತು ಕೊಡಬಹುದು. ಹೆಂಗಸರಿಗೆಂದೇ ಹೊತ್ತು ಗೊತ್ತುಮಾಡಿ, ಕಲಿಸಲು ಮಹಿಳೆಯರನ್ನೇ ಇಟ್ಟರೆ ಬಾರದಿದ್ದವರೂ ಬರುತ್ತಾರೆ. ಜೀವರಕ್ಷಕರ ಸಂಖ್ಯೆ ಕಡಿತ ಮಾಡುವುದು ಮಾತ್ರ ದಾರಿಯಲ್ಲ.

ಕೊರತೆ ಕಂಡ ತಕ್ಷಣ ಅಧಿಕಾರಿಗಳಿಗೆ ಹೊಳೆಯುವುದು ಹೆಚ್ಚು ಬಾಡಿಗೆ ಕೂಗಿದವರಿಗೆ ಲೀಸ್ ಕೊಡುವ ಉಪಾಯ. ಹಾಗೆ ಕೊಟ್ಟ ಮರುವರ್ಷ ತಿಂಗಳ ಫೀಜು ಏರುತ್ತದೆ, ಬೆಳಗಿನ ಒಳ್ಳೆಯ ಹೊತ್ತೆಲ್ಲ ಕೋಚಿಂಗ್ ಬ್ಯಾಚಿಗೆ ಹೋಗುತ್ತದೆ, ಟಿಕೆಟ್ ಕೊಂಡು ಬರುವವರಿಗೆ ಉಳಿಯುವುದು ನಡುಮಧ್ಯಾಹ್ನ. ಅದಕ್ಕಿಂತ ಟಿಕೆಟ್ ದರ, ಸಾರ್ವಜನಿಕರ ಹೊತ್ತು, ನೀರಿನ ಗುಣಮಟ್ಟ ಮೂರನ್ನೂ ಮೊದಲೇ ಗೊತ್ತುಮಾಡಿ, ಕಡಿಮೆ ಸಹಾಯಧನಕ್ಕೆ ನಡೆಸುತ್ತೇನೆ ಎಂದವರಿಗೆ ಕೊಡುವುದು ಸರಿಯಾದ ಪದ್ಧತಿ. ಉದ್ಯಾನಕ್ಕೆ, ಗ್ರಂಥಾಲಯಕ್ಕೆ ಊರು ದುಡ್ಡು ಹಾಕುತ್ತದೆ. ಈಜುಕೊಳಕ್ಕೂ ಹಾಕಲಿ. ಎಷ್ಟು ಎಂಬುದು ಗೊತ್ತಿದ್ದರಾಯಿತು.

ನಿಮ್ಮ ಊರಿನ ಕೊಳದ ಬಗ್ಗೆ ಕಾಳಜಿಯಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಒಂದು ಅರ್ಜಿ ಹಾಕಿ. ಕಳೆದ ಹನ್ನೆರಡು ತಿಂಗಳ ಕರೆಂಟ್ ಬಿಲ್, ಟಿಕೆಟ್ ಆದಾಯ, ನೀರಿನ ಪರೀಕ್ಷೆಯ ವರದಿ, ಹಿಂದಿನ ದುರಸ್ತಿಯ ಅಳತೆ ಪುಸ್ತಕದ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಅವನ್ನು ಹಿಡಿದು ನಗರಸಭೆಯ ಬಜೆಟ್ ಪೂರ್ವಭಾವಿ ಸಭೆಗೆ ಹೋಗಿ. ಬಜೆಟ್ ಮಂಡನೆಯಾದ ಮೇಲೆ ಕೊಡುವ ಮನವಿಗೆ ಮುಂದಿನ ವರ್ಷದವರೆಗೆ ಕಡತದಲ್ಲೇ ವಾಸ.