ಕಬ್ಬಿನ ಹೊಲದಾಗ ನೆಟ್ ಯಾಕ ನಿಧಾನ ಆಗ್ತದ?

ನಾನು ಓದಿದ್ದು ಬಿ.ಕಾಂ. ಆದ್ರೂ ಟವರ್ ಮತ್ತು ಫೋನ್ ನಡುವಿನ ವ್ಯವಹಾರ ನನಗೆ ತಿಳೀತು, ಯಾಕಂದ್ರೆ ಅದು ಬಂಡವಾಳದ ಲೆಕ್ಕ.

ರಬಕವಿ-ಬನಹಟ್ಟಿ ಮಗ್ಗದ ಹಾಸು ನೋಡಿದ್ದೀರಲ್ಲ? ಅಕ್ಕಪಕ್ಕ ಸಾಲಾಗಿ ಎಳೆ. 4ಜಿ ಸಿಗ್ನಲ್ಲೂ ಹಂಗ. 20 ಮೆಗಾಹರ್ಟ್ಜ್ ಜಾಗದಾಗ, 15 ಕಿಲೋಹರ್ಟ್ಜ್‌ಗೆ ಒಂದರಂತೆ, ಒಟ್ಟು 1200 ಸಣ್ಣ ಅಲೆ. ಇದಕ್ಕೆ ಮಲ್ಟಿಕ್ಯಾರಿಯರ್ ಅಂತಾರ.

ಪ್ರತಿ ಎಳೆ ಮೇಲೆ ಎಷ್ಟು ಡೇಟಾ ಹೇರಬೇಕು? ಡಾಂಬರು ರಸ್ತೆ ಇದ್ರ ಟ್ರ್ಯಾಕ್ಟರಿಗೆ ಕಬ್ಬು ಭರ್ತಿ, ಕೆಸರಿದ್ರ ಕಡಿಮಿ, ಹೌದಲ್ರಿ? ಸಿಗ್ನಲ್ ಸ್ವಚ್ಛ ಇದ್ರ ಒಂದು ಸಲಕ್ಕ 6 ಅಥವಾ 8 ಬಿಟ್. ಕೆಟ್ಟಿದ್ರ ಕ್ಯುಪಿಎಸ್‌ಕೆ, ಅಂದ್ರೆ ಬರೇ 2 ಬಿಟ್. ಜೊತೆಗೆ ವಿಮೆ ಇದ್ದಂಗ ಕೆಲವು ಹೆಚ್ಚುವರಿ ಬಿಟ್ ಇರ್ತಾವ. ದಾರಿಯಲ್ಲಿ ಏನರ ಕೆಟ್ರೆ ಅವುಗಳಿಂದ ಸರಿಪಡಿಸಬಹುದು. ಇದೇ ಕೋಡಿಂಗ್: 4ಜಿಯಲ್ಲಿ ಟರ್ಬೊ ಕೋಡ್, 5ಜಿಯಲ್ಲಿ ಎಲ್‌ಡಿಪಿಸಿ. ಸಿಗ್ನಲ್ ಕೆಟ್ಟಷ್ಟೂ ವಿಮೆ ಜಾಸ್ತಿ, ಅಸಲು ಮಾಲು ಕಡಿಮಿ.

ನಿಮ್ಮ ಫೋನ್ ಸಿಗ್ನಲ್ ಗುಣಮಟ್ಟಕ್ಕೆ 0ಯಿಂದ 15ರ ತನಕ ಅಂಕ ಕೊಟ್ಟು ಟವರಿಗೆ ಕಳಿಸ್ತದ. ಟವರ್ 1 ಮಿಲಿಸೆಕೆಂಡಿಗೊಮ್ಮೆ ನಿರ್ಧಾರ ಬದಲಿಸಬಲ್ಲದು. ಬೀಳಗಿ ದಾರಿಯಾಗ ಬಸ್ ಓಡುವಾಗ್ಲೂ ಇದು ನಡದs ಇರ್ತದ. ಎತ್ತರಕ್ಕ ಬೆಳೆದ ಕಬ್ಬಿನ ಹಸಿ ಎಲೆ ಅಲೆಗಳನ್ನ ಹೀರ್ತಾವ, ಅಂಕ ಇಳೀತದ, ವಿಡಿಯೊ ನಿಲ್ತದ. ಕಡ್ಡಿ ತುಂಬಿದ್ರೂ ಗದ್ದಲ ಹೆಚ್ಚಿದ್ರ ಅದೇ ಕಥಿ. ಲೆಕ್ಕ ಸಿಗ್ನಲ್ಲಿಗೂ ಗದ್ದಲಕ್ಕೂ ಇರೋ ಅನುಪಾತದ್ದು.

ಇನ್ನು ಪವರ್. ಏರುಪೇರಿನ ಹೊಲಕ್ಕ ನೀರು ಬಿಟ್ರ ತಗ್ಗಿನಾಗ ಹೆಚ್ಚು ನಿಲ್ತದ, ದಿಬ್ಬ ಒಣಗೇ ಉಳೀತದ. ಗದ್ದಲ ಕಡಿಮಿ ಇರೋ ಎಳೆ ತಗ್ಗು, ಅದಕ್ಕ ಪವರ್ ಹೆಚ್ಚು. ತೀರಾ ಕೆಟ್ಟ ಎಳೆಗೆ ಸೊನ್ನೆ. ಈ ಸಿದ್ಧಾಂತದ ಹೆಸರೇ ವಾಟರ್ ಫಿಲ್ಲಿಂಗ್. ನಷ್ಟದ ಅಂಗಡಿಗೆ ಬಂಡವಾಳ ಸುರೀಬ್ಯಾಡ ಅಂದಂಗ.

ನಿಮ್ಮ ಫೋನಿಗೂ ಎಷ್ಟು ಪವರ್ ಹಾಕಬೇಕು ಅಂತ ಟವರೇ ಹೇಳ್ತದ. ಸಾಮಾನ್ಯ 4ಜಿ ಫೋನಿಗೆ ಮಿತಿ ಸುಮಾರು 200 ಮಿಲಿವ್ಯಾಟ್. ದೂರದಲ್ಲಿದ್ರ ಆ ಮಿತಿ ತನಕ ಕೂಗಬೇಕು, ಬ್ಯಾಟರಿ ಕರಗ್ತದ.

2019ರ ಆಗಸ್ಟಿನಾಗ ಕೃಷ್ಣಾ, ಘಟಪ್ರಭಾ ಉಕ್ಕಿ ಜಮಖಂಡಿ, ಮುಧೋಳದ ಹಳ್ಳಿಗಳಿಗೆ ನೀರು ನುಗ್ಗಿದ್ದು ನೆನಪೈತಲ್ರಿ? ಅಂಥಾ ಹೊತ್ತಿನಾಗ ವಿಡಿಯೊ ಕಾಲ್ ಹಚ್ಚಬ್ಯಾಡ್ರಿ. ಎಲ್ಲಿದ್ದೀರಿ, ಎಷ್ಟು ಮಂದಿ, ಏನು ಬೇಕು ಅಂತ ಎರಡು ಸಾಲಿನ ಮೆಸೇಜ್ ಕಳಿಸ್ರಿ. 2 ಬಿಟ್ಟಿನ ಕೆಸರು ದಾರಿಯಾಗೂ ದಾಟೋ ಹಗುರ ಹೇರು ಅದು.